ಒಂದು ಹನಿ ರಕ್ತದ ಬೆನ್ನು ಹತ್ತಿ

ಮಳೆಗಾಲ ಕಾಲಿಟ್ಟಿತೆಂದರೆ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗಳ ಆಸ್ಪತ್ರೆಗಳ ಮುಂದೆ ಜ್ವರದಿಂದ ನಡುಗುವವರ ಸಾಲು ಬೆಳೆಯತೊಡಗುತ್ತದೆ. ವೈದ್ಯರು ಮೊದಲು ಹೇಳುವ ಮಾತು ರಕ್ತಪರೀಕ್ಷೆಯದು. ರೋಗಿಯ ಬೆರಳ ತುದಿಯನ್ನು ಸೂಜಿಯಿಂದ ಚುಚ್ಚಿ, ಒಂದು ಹನಿ ರಕ್ತವನ್ನು ಗಾಜಿನ ಪಟ್ಟಿಯ ಮೇಲೆ ಸವರಿ, ಅದಕ್ಕೆ ಬಣ್ಣ ಹಾಕಿ ಸೂಕ್ಷ್ಮದರ್ಶಕದ ಕೆಳಗಿಡುತ್ತಾರೆ. ಸಾವಿರ ಪಟ್ಟು ಹಿಗ್ಗಿ ತೋರುವ ಆ ಹನಿಯಲ್ಲಿ ರಕ್ತದ ಕಣಗಳು ಪುಟ್ಟ ತಟ್ಟೆಗಳಂತೆ ಹರಡಿಕೊಂಡಿರುತ್ತವೆ. ಅವುಗಳಲ್ಲೊಂದರ ಒಳಗೆ ನೀಲಿಯ ಉಂಗುರವೂ ಅದರ ಅಂಚಿನಲ್ಲಿ ಒಂದು ಕೆಂಪು ಚುಕ್ಕೆಯೂ ಕಂಡರೆ, ಬಂದುದು ಮಲೇರಿಯವೆಂದು ನಿರ್ಧಾರವಾಗುತ್ತದೆ. ಸ್ವಲ್ಪ ಹೊತ್ತಿನಲ್ಲಿ ಮುಗಿದುಹೋಗುವ ಈ ಪರೀಕ್ಷೆ ಇಂದು ನಮಗೆ ಸಾಧಾರಣವಾಗಿ ತೋರಬಹುದು. ಆದರೆ ಆ ಉಂಗುರವು ಮನುಷ್ಯನ ರಕ್ತಕ್ಕೆ ಎಲ್ಲಿಂದ ಬಂದಿತು, ಹೇಗೆ ಬಂದಿತು ಎಂಬ ಪ್ರಶ್ನೆಗೆ ಉತ್ತರ ದೊರೆತದ್ದು ಒಬ್ಬನ ಬಾಳಿನ ಅತ್ಯುತ್ತಮ ವರ್ಷಗಳನ್ನು ತೆತ್ತು. ಆ ಬಾಳಿನ ಕೆಲವು ಮುಖ್ಯ ಅಧ್ಯಾಯಗಳು ನಮ್ಮ ಬೆಂಗಳೂರಿನಲ್ಲಿಯೇ ನಡೆದುವೆಂಬುದನ್ನು ನಮ್ಮ ವಿದ್ಯಾರ್ಥಿಗಳಲ್ಲಿ ಬಹುಮಂದಿ ಅರಿತಿರಲಾರರು.

ಘಟ್ಟದ ಬುಡದ ಊರುಗಳಿಗೆ ಚಳಿಜ್ವರವು ಹೊಸದಲ್ಲ. ಮಲೆಯ ಗಾಳಿ ಹಿಡಿಯಲಿಲ್ಲ, ಘಟ್ಟದ ನೀರು ಒಗ್ಗಲಿಲ್ಲ ಎಂದು ಹಿರಿಯರು ಅದಕ್ಕೆ ಕಾರಣ ಹೇಳುತ್ತಿದ್ದರು. ದೂರದ ಇಟಲಿಯ ಜನರೂ ಬೇರೆ ಬಗೆಯಾಗಿ ಯೋಚಿಸಲಿಲ್ಲ. ಮಲೇರಿಯ ಎಂಬ ಮಾತಿಗೆ ಅವರ ನುಡಿಯಲ್ಲಿ ಕೆಟ್ಟ ಗಾಳಿಯೆಂದೇ ಅರ್ಥ. ಜೌಗು ನೆಲದಿಂದ ಏಳುವ ವಿಷವಾಯುವೇ ರೋಗದ ಮೂಲವೆಂದು ಶತಮಾನಗಳ ಕಾಲ ವೈದ್ಯರು ನಂಬಿದ್ದರು. ಈ ನಂಬಿಕೆ ಶುದ್ಧ ಮೌಢ್ಯವೆಂದು ತಳ್ಳಿಹಾಕುವಂತಿಲ್ಲ. ನಿಂತ ನೀರಿಗೂ ಜ್ವರಕ್ಕೂ ನಂಟಿದೆಯೆಂಬುದನ್ನು ಜನ ಸರಿಯಾಗಿಯೇ ಗುರುತಿಸಿದ್ದರು. ನೀರಿನಿಂದ ನೆತ್ತರಿಗೆ ಹೋಗುವ ದಾರಿಯೊಂದು ಮಾತ್ರ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಅದನ್ನು ಕಂಡುಹಿಡಿದವನು ರೊನಾಲ್ಡ್ ರಾಸ್.

ರಾಸನು 1857ನೆಯ ಇಸವಿಯ ಮೇ 13ರಂದು ಹಿಮಾಲಯದ ತಪ್ಪಲಿನ ಅಲ್ಮೋರದಲ್ಲಿ ಜನಿಸಿದನು. ಮೀರತ್ತಿನಲ್ಲಿ ಸಿಪಾಯಿಗಳು ದಂಗೆಯೆದ್ದು ಆಗ ಮೂರು ದಿನಗಳಾಗಿದ್ದುವು. ತಂದೆಯು ಇಂಡಿಯದ ಸೈನ್ಯದಲ್ಲಿ ಅಧಿಕಾರಿ. ಹತ್ತು ಮಕ್ಕಳಲ್ಲಿ ರೊನಾಲ್ಡನೇ ಹಿರಿಯ. ಎಂಟನೆಯ ವಯಸ್ಸಿನಲ್ಲಿ ಅವನನ್ನು ವಿದ್ಯಾಭ್ಯಾಸಕ್ಕಾಗಿ ಇಂಗ್ಲೆಂಡಿಗೆ ಕಳುಹಿಸಿದರು. ಹುಡುಗನ ಒಲವು ಕವಿತೆ, ಸಂಗೀತ, ಚಿತ್ರಕಲೆಗಳ ಕಡೆಗೆ. ಗಣಿತವೆಂದರೂ ಅಷ್ಟೇ ಆಸೆ. ತಂದೆಯ ಇಷ್ಟವಾದರೋ ಮಗನು ವೈದ್ಯನಾಗಿ ಇಂಡಿಯದ ಸರ್ಕಾರದ ಸೇವೆಗೆ ಸೇರಬೇಕೆಂದು. ಹಿರಿಯರ ಮಾತೇ ನಡೆಯಿತು. ಲಂಡನ್ನಿನ ಸೇಂಟ್ ಬಾರ್ತಲೊಮ್ಯೂ ಆಸ್ಪತ್ರೆಯ ಕಾಲೇಜಿನಲ್ಲಿ ಓದಿದನಾದರೂ ವೈದ್ಯಗ್ರಂಥಗಳಿಗಿಂತ ಹಾಡು, ನಾಟಕಗಳ ರಚನೆಯಲ್ಲಿಯೇ ಹೆಚ್ಚು ಹೊತ್ತು ಕಳೆದನು. ಹೇಗೋ ಪರೀಕ್ಷೆಗಳನ್ನು ದಾಟಿ, ಕೆಲಕಾಲ ಹಡಗಿನ ವೈದ್ಯನಾಗಿದ್ದು, 1881ರಲ್ಲಿ ಇಂಡಿಯನ್ ಮೆಡಿಕಲ್ ಸರ್ವಿಸಿಗೆ ಸೇರಿ ಮದರಾಸು ಪ್ರಾಂತಕ್ಕೆ ಬಂದನು. ಕೆಲಸದ ಮೇಲೆ ಅವನಿಗೆ ಆಗ ಪ್ರೀತಿಯೇನೂ ಇರಲಿಲ್ಲ. ಬಿಡುವಿನ ವೇಳೆಯಲ್ಲಿ ಪದ್ಯ ಬರೆಯುವುದು, ಗಣಿತದ ಸಮಸ್ಯೆಗಳನ್ನು ಬಿಡಿಸುವುದು, ಕಾದಂಬರಿ ರಚಿಸುವುದು, ಇವೇ ಅವನ ನಿಜವಾದ ಉದ್ಯೋಗಗಳಾಗಿದ್ದುವು.

1883ರಲ್ಲಿ ರಾಸನು ಬೆಂಗಳೂರಿನ ದಂಡಿನ ಹಂಗಾಮಿ ವೈದ್ಯನಾಗಿ ಬಂದನು. ವಾಸಕ್ಕೆ ಒಳ್ಳೆಯ ಬಂಗಲೆ ದೊರೆಯಿತು. ಹವೆಯೂ ಹಿತವಾಗಿದ್ದಿತು. ಸೊಳ್ಳೆಗಳ ಕಾಟವೊಂದೇ ಸಹಿಸಲಾಗುತ್ತಿರಲಿಲ್ಲ. ಇತರರ ಮನೆಗಳಿಗಿಂತ ತನ್ನ ಕೋಣೆಯಲ್ಲಿಯೇ ಅವು ಹೆಚ್ಚಾಗಿರುವುದೇಕೆಂದು ಯೋಚಿಸುತ್ತ ಸುತ್ತ ಹುಡುಕಿದಾಗ, ಕಿಟಕಿಯ ಹೊರಗೆ ನೀರು ತುಂಬಿಟ್ಟಿದ್ದ ಪೀಪಾಯಿಯೊಂದು ಕಣ್ಣಿಗೆ ಬಿತ್ತು. ಬಗ್ಗಿ ನೋಡಿದರೆ ನೀರಿನ ತುಂಬ ಸೊಳ್ಳೆಯ ಮರಿಗಳು ಬಳುಕುತ್ತಿದ್ದುವು. ಪೀಪಾಯಿಯನ್ನು ಮಗುಚಿಹಾಕಿಸಿದನು. ಕಾಟ ತಗ್ಗಿತು. ಅಧಿಕಾರಿಗಳ ಊಟದ ಮನೆಯ ಸುತ್ತ ತೊಟ್ಟಿಗಳಲ್ಲಿಯೂ ಹೂದಾನಿಗಳಲ್ಲಿಯೂ ನಿಂತ ನೀರನ್ನು ಚೆಲ್ಲಿಸಿದರೆ ಎಲ್ಲರಿಗೂ ಸುಖವಾದೀತೆಂದು ಆತನು ಪಾಳೆಯದ ಅಧಿಕಾರಿಗೆ ಸಲಹೆ ಮಾಡಿದನು. ಆ ಅಧಿಕಾರಿಯು ಇದನ್ನು ಹಾಸ್ಯಮಾಡಿ ತಳ್ಳಿಬಿಟ್ಟನು. ದೇವರು ಸೊಳ್ಳೆಗಳನ್ನು ಏನೋ ಉದ್ದೇಶದಿಂದ ಸೃಷ್ಟಿಸಿರಬೇಕು, ಸೃಷ್ಟಿಕ್ರಮದಲ್ಲಿ ನಾವು ಕೈಹಾಕಬಾರದು, ಸಹಿಸಿಕೊಳ್ಳುವುದೇ ಧರ್ಮ ಎಂಬುದು ಅವನ ವಾದವಾಗಿದ್ದಿತು. ಅದೊಂದು ವಿನೋದದ ಪ್ರಸಂಗವೆನಿಸಿ ಅಲ್ಲಿಗೇ ಮುಗಿಯಿತು. ಸೊಳ್ಳೆಗೂ ಜ್ವರಕ್ಕೂ ಸಂಬಂಧವಿರಬಹುದೆಂಬ ಯೋಚನೆ ಆಗ ರಾಸನಿಗೂ ಇರಲಿಲ್ಲ. ಬರಿಗಣ್ಣಿಗೆ ಕಂಡ ಆ ಪೀಪಾಯಿಯ ಅರ್ಥವು ಅವನಿಗೆ ತಿಳಿಯಲು ಇನ್ನೂ ಹದಿನಾಲ್ಕು ವರ್ಷಗಳು ಬೇಕಾಗಿದ್ದುವು.

1888ರಲ್ಲಿ ರಜೆಯ ಮೇಲೆ ಇಂಗ್ಲೆಂಡಿಗೆ ಹೋದ ರಾಸನು ಸಾರ್ವಜನಿಕ ಆರೋಗ್ಯಶಾಸ್ತ್ರವನ್ನೂ ಸೂಕ್ಷ್ಮಜೀವಿಗಳ ಶಾಸ್ತ್ರವನ್ನೂ ಅಭ್ಯಾಸಮಾಡಿದನು. ಮುಂದಿನ ವರ್ಷ ರೋಸಾ ಬ್ಲಾಕ್ಸಮ್ ಎಂಬವಳನ್ನು ಮದುವೆಯಾಗಿ ಇಂಡಿಯಕ್ಕೆ ಮರಳಿದನು. ಜ್ವರಗಳ ಕಾರಣವನ್ನು ಹುಡುಕಬೇಕೆಂಬ ಆಸೆ ಅವನಲ್ಲಿ ಮೊಳೆತದ್ದು ಈ ಕಾಲದಲ್ಲಿ. ಅಷ್ಟುಹೊತ್ತಿಗೆ ಫ್ರೆಂಚ್ ಸೈನ್ಯದ ವೈದ್ಯನಾದ ಲಾವೆರಾನನು ಆಲ್ಜೀರಿಯದಲ್ಲಿ 1880ರ ನವೆಂಬರಿನಲ್ಲಿ ರೋಗಿಯ ರಕ್ತವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ, ಅದರೊಳಗೆ ಜೀವವುಳ್ಳ ಪರೋಪಜೀವಿಯೊಂದು ಚಾವಟಿಯಂತಹ ಎಳೆಗಳನ್ನು ಬೀಸುತ್ತಿರುವುದನ್ನು ಕಂಡಿದ್ದನು. ಮಲೇರಿಯಕ್ಕೆ ಗಾಳಿ ಕಾರಣವಲ್ಲ, ಈ ಜೀವಿಯೇ ಕಾರಣವೆಂದು ಸಾರಿದ್ದನು. ರಾಸನು ತಾನೂ ಅದನ್ನು ಕಾಣಬೇಕೆಂದು ಅನೇಕ ರೋಗಿಗಳ ರಕ್ತವನ್ನು ಪರೀಕ್ಷಿಸಿದನು. ಏನೂ ಕಾಣಲಿಲ್ಲ. ಕೊನೆಗೆ ಅಂತಹ ಜೀವಿಯೇ ಇಲ್ಲವೆಂದು ನಿಶ್ಚಯಿಸಿ, ಕರುಳಿನ ವಿಷದಿಂದ ಜ್ವರ ಬರುವುದೆಂದು ವಾದಿಸಿ ಲೇಖನಗಳನ್ನೂ ಪ್ರಕಟಿಸಿದನು.

ಇಲ್ಲಿ ನಾವು ಒಂದು ನಿಮಿಷ ನಿಂತು ಯೋಚಿಸಬೇಕು. ಕನ್ನಡಕದಂತೆ ಸೂಕ್ಷ್ಮದರ್ಶಕವನ್ನೂ ಕಣ್ಣಿಗಿಟ್ಟ ಕೂಡಲೆ ಎಲ್ಲವೂ ಸ್ಪಷ್ಟವಾಗುವುದೆಂದು ಸಾಮಾನ್ಯರು ತಿಳಿಯುತ್ತಾರೆ. ನಿಜಸ್ಥಿತಿ ಬೇರೆ. ಒಂದು ಮಿಲಿಮೀಟರನ್ನು ಸಾವಿರ ಭಾಗ ಮಾಡಿದರೆ ಬರುವ ಅಳತೆಗೆ ಮೈಕ್ರಾನ್ ಎಂದು ಹೆಸರು. ರಕ್ತದ ಕೆಂಪುಕಣದ ಅಗಲ ಸುಮಾರು ಏಳು ಮೈಕ್ರಾನ್. ಪರೋಪಜೀವಿಯು ಅದರ ಒಳಗೆ ಅಡಗಿರುವ, ಅದಕ್ಕಿಂತಲೂ ಕಿರಿದಾದ ವಸ್ತು. ಬಣ್ಣ ಹಾಕದ ಹಸಿ ರಕ್ತದಲ್ಲಿ ಅದು ಬಹುಮಟ್ಟಿಗೆ ಪಾರದರ್ಶಕ. ಗಾಜಿನ ಮೇಲಿನ ಧೂಳು, ಗಾಳಿಯ ಗುಳ್ಳೆ, ಸುಕ್ಕಿದ ರಕ್ತಕಣ, ಮಸೂರದ ಕೊಳೆ ಎಲ್ಲವೂ ಜೀವಿಯ ವೇಷವನ್ನು ಹಾಕಬಲ್ಲವು. ಇವುಗಳ ನಡುವೆ ನಿಜವಾದುದನ್ನು ಗುರುತಿಸಲು ಕಣ್ಣಿಗೆ ಶಿಕ್ಷಣ ಬೇಕು. ಆ ಶಿಕ್ಷಣವನ್ನು ಕೊಡಲು ಒಬ್ಬ ಗುರು ಬೇಕು. ರಾಸನ ಬಳಿ ಯಂತ್ರವಿದ್ದಿತು, ಹಟವಿದ್ದಿತು. ಗುರುವಿರಲಿಲ್ಲ.

ಆ ಗುರು ದೊರೆತದ್ದು 1894ರಲ್ಲಿ, ಎರಡನೆಯ ರಜೆಯ ಕಾಲದಲ್ಲಿ. ಲಂಡನ್ನಿನಲ್ಲಿದ್ದ ಪ್ಯಾಟ್ರಿಕ್ ಮ್ಯಾನ್ಸನನು ಚೀನದಲ್ಲಿ ಬಹುಕಾಲ ವೈದ್ಯನಾಗಿದ್ದವನು. ನಮ್ಮ ಕರಾವಳಿಯ ಜನಕ್ಕೆ ಚೆನ್ನಾಗಿ ಪರಿಚಯವಿರುವ ಆನೆಕಾಲು ರೋಗದ ಕೂದಲೆಳೆಯಂತಹ ಹುಳುವು ಸೊಳ್ಳೆಯ ಶರೀರದಲ್ಲಿ ಬೆಳೆಯುವುದೆಂದು 1877ರಲ್ಲಿ ತೋರಿಸಿಕೊಟ್ಟ ಖ್ಯಾತಿ ಅವನದು. ಅವನು ರಾಸನನ್ನು ಪಕ್ಕದಲ್ಲಿ ಕೂರಿಸಿಕೊಂಡು, ರೋಗಿಯ ರಕ್ತದಲ್ಲಿ ಬಿದಿಗೆಯ ಚಂದ್ರನಂತೆ ಬಾಗಿದ ಪರೋಪಜೀವಿಯನ್ನು ತೋರಿಸಿದನು. ಅದರ ಒಡಲಲ್ಲಿ ಕರಿಯ ಕಣಗಳು ಮಿನುಗುತ್ತಿದ್ದುವು. ರಕ್ತದ ಕೆಂಪು ದ್ರವ್ಯವನ್ನು ತಿಂದ ಜೀವಿಯು ಜೀರ್ಣಿಸಲಾರದೆ ಉಳಿಸಿದ ಕಸವೇ ಆ ಕರಿಯ ಕಣಗಳು. ರಾಸನ ವರ್ಷಗಳ ಅವಿಶ್ವಾಸವು ಆ ದಿನ ಕರಗಿಹೋಯಿತು. ತಾನು ಅಚ್ಚುಹಾಕಿಸಿದ ಮಾತುಗಳೆಲ್ಲ ತಪ್ಪೆಂದು ಒಪ್ಪಿಕೊಳ್ಳಲು ಆತನು ಹಿಂಜರಿಯಲಿಲ್ಲ. ಮ್ಯಾನ್ಸನನು ತನ್ನ ಊಹೆಯೊಂದನ್ನೂ ಶಿಷ್ಯನಿಗೆ ಹೇಳಿದನು. ಆನೆಕಾಲಿನ ಹುಳುವಿನಂತೆಯೇ ಮಲೇರಿಯದ ಜೀವಿಯೂ ಸೊಳ್ಳೆಯ ಹೊಟ್ಟೆಯಲ್ಲಿ ಬೆಳೆಯುತ್ತಿರಬೇಕು. ಅದನ್ನು ಸಿದ್ಧಪಡಿಸುವ ಹೊಣೆ ರಾಸನದಾಯಿತು.

1895ರಲ್ಲಿ ಸಿಕಂದರಾಬಾದಿಗೆ ಬಂದಿಳಿದ ರಾಸನು ಕೆಲಸಕ್ಕೆ ತೊಡಗಿದನು. ಜ್ವರಪೀಡಿತರನ್ನು ಸೊಳ್ಳೆಪರದೆಯೊಳಗೆ ಮಲಗಿಸಿ, ಸೊಳ್ಳೆಗಳು ಅವರ ರಕ್ತವನ್ನು ಹೀರುವಂತೆ ಮಾಡಿ, ಆ ಸೊಳ್ಳೆಗಳನ್ನು ಒಂದೊಂದಾಗಿ ಸೀಳಿ ನೋಡುವುದು ಅವನ ಕ್ರಮ. ಮ್ಯಾನ್ಸನನ ಊಹೆಯಲ್ಲಿಯೂ ಒಂದು ದೋಷವಿದ್ದಿತು. ಸೊಳ್ಳೆ ನೀರಿನಲ್ಲಿ ಸಾಯುತ್ತದೆ, ಆ ನೀರನ್ನು ಕುಡಿದವರಿಗೆ ರೋಗ ಬರುತ್ತದೆ ಎಂದು ಅವನು ಎಣಿಸಿದ್ದನು. ಗುರುವಿನ ಮಾತನ್ನು ನಂಬಿ ರಾಸನು, ಒಪ್ಪಿದ ಕೆಲವರಿಗೆ ಸೊಳ್ಳೆ ಸತ್ತ ನೀರನ್ನು ಕುಡಿಸಿಯೂ ನೋಡಿದನು. ಇಂದಿನ ಕಾಲದಲ್ಲಿ ಯಾವ ವೈದ್ಯನಿಗೂ ಇಂತಹ ಪ್ರಯೋಗಕ್ಕೆ ಅನುಮತಿ ದೊರೆಯಲಾರದು. ಅದರಿಂದ ಖಚಿತವಾದ ಫಲವೂ ದೊರೆಯಲಿಲ್ಲ.

ಅದೇ ವರ್ಷದ ಸೆಪ್ಟೆಂಬರಿನಲ್ಲಿ ಸರ್ಕಾರವು ಆತನನ್ನು ಬೆಂಗಳೂರಿಗೆ ಕಳುಹಿಸಿತು. ಅಲ್ಲಿ ಕಾಲರಾ ಹಬ್ಬಿದ್ದಿತು. ಮಲೇರಿಯದ ಸಂಶೋಧನೆಗೆ ಇದು ದೊಡ್ಡ ತಡೆಯಾಯಿತಾದರೂ, ರಾಸನ ಬಾಳಿನಲ್ಲಿ ಈ ಒಂದೂವರೆ ವರ್ಷವು ವ್ಯರ್ಥವಾಯಿತೆನ್ನಲಾಗದು. ಸಿವಿಲ್ ಅಂಡ್ ಮಿಲಿಟರಿ ಸ್ಟೇಷನ್ನಿನ ಬಾವಿಗಳು, ಚರಂಡಿಗಳು, ಇಕ್ಕಟ್ಟಿನ ಓಣಿಗಳು, ಕಸದ ರಾಶಿಗಳು ಇವನ್ನೆಲ್ಲ ಆತನು ಸುತ್ತಿ ನೋಡಿದನು. ಊರಿನ ಸ್ವಚ್ಛತೆಯನ್ನು ಕುರಿತು ವಿಸ್ತಾರವಾದ ವರದಿಯನ್ನು ಬರೆದನು. ರೋಗವು ಒಬ್ಬ ಮನುಷ್ಯನ ಶರೀರದಲ್ಲಿ ತೋರಿಕೊಂಡರೂ ಅದರ ಬೇರು ಊರಿನ ವ್ಯವಸ್ಥೆಯಲ್ಲಿರುತ್ತದೆಯೆಂಬ ಪಾಠವನ್ನು ಅವನಿಗೆ ಕಲಿಸಿದ್ದು ಬೆಂಗಳೂರು. ಬಿಡುವಿನಲ್ಲಿ ಸೊಳ್ಳೆಗಳ ಪ್ರಯೋಗವನ್ನು ಮುಂದುವರಿಸಿದನು. ಬೌರಿಂಗ್ ಆಸ್ಪತ್ರೆಯ ಸಹಾಯಕ ವೈದ್ಯರೊಬ್ಬರು ರೋಗಿಗಳ ರಕ್ತ ಕುಡಿದ ಸೊಳ್ಳೆಗಳಿಂದ ತಮ್ಮನ್ನು ತಾವೇ ಕಚ್ಚಿಸಿಕೊಂಡರು. ಅವರಿಗೆ ಜ್ವರ ಬರಲಿಲ್ಲ. ಕಾರಣವಿಷ್ಟೆ: ಮನೆಗಳಲ್ಲಿ ಹೇರಳವಾಗಿ ಸಿಗುತ್ತಿದ್ದ ಬೂದುಬಣ್ಣದ ಸೊಳ್ಳೆಗಳಲ್ಲಿ ಮಲೇರಿಯದ ಜೀವಿ ಬೆಳೆಯುವುದಿಲ್ಲ. ರಾಸನು ಎರಡು ವರ್ಷ ಸೀಳಿದ್ದು ತಪ್ಪು ಜಾತಿಯ ಸೊಳ್ಳೆಗಳನ್ನು.

1897ರ ವಸಂತದಲ್ಲಿ ರಜೆ ಪಡೆದು ಆತನು ನೀಲಗಿರಿಯ ಕಡೆಗೆ ಹೋದನು. ಉದಕಮಂಡಲದಿಂದ ಇಳಿಯುವ ಸೀಗೂರು ಘಟ್ಟದಲ್ಲಿ ಜ್ವರದ ಹಾವಳಿ ಪ್ರಸಿದ್ಧವಾಗಿದ್ದಿತು. ಅಲ್ಲಿ ಅಡ್ಡಾಡಿದ ಕೆಲವೇ ದಿನಗಳಲ್ಲಿ ರಾಸನೇ ಚಳಿಜ್ವರದಿಂದ ಮಲಗಿದನು. ಕ್ವಿನೈನ್ ಸೇವಿಸಿ ಚೇತರಿಸಿಕೊಂಡನು. ರೆಕ್ಕೆಗಳ ಮೇಲೆ ಚುಕ್ಕೆಗಳಿರುವ ಬೇರೊಂದು ಜಾತಿಯ ಸೊಳ್ಳೆಯನ್ನು ಅಲ್ಲಿ ಗಮನಿಸಿದನು. ಗೋಡೆಯ ಮೇಲೆ ಅದು ಕುಳಿತುಕೊಳ್ಳುವ ಭಂಗಿಯೇ ಬೇರೆಯಾಗಿದ್ದಿತು. ಅನಾಫಿಲಿಸ್ ಎಂದು ಇಂದು ವಿದ್ಯಾರ್ಥಿಗಳಿಗೆಲ್ಲ ತಿಳಿದಿರುವ ಸೊಳ್ಳೆ ಇದೇ.

ಜೂನ್ ತಿಂಗಳಲ್ಲಿ ರಾಸನು ಸಿಕಂದರಾಬಾದಿಗೆ ಹಿಂದಿರುಗಿದನು. ಆ ವರ್ಷ ಸೆಕೆ ವಿಪರೀತವಾಗಿದ್ದಿತು. ಪಂಕದ ಗಾಳಿ ಬೀಸಿದರೆ ಸೀಳಿಟ್ಟ ಸೊಳ್ಳೆಗಳು ಹಾರಿಹೋಗುವುವೆಂದು ಅದನ್ನೂ ನಿಲ್ಲಿಸಿ ಕೆಲಸಮಾಡಬೇಕಾಗಿತ್ತು. ಹಣೆಯಿಂದಲೂ ಕೈಯಿಂದಲೂ ಸುರಿದ ಬೆವರಿಗೆ ಸೂಕ್ಷ್ಮದರ್ಶಕದ ತಿರುಪುಗಳು ತುಕ್ಕುಹಿಡಿದಿದ್ದುವು. ಉಳಿದಿದ್ದ ಒಂದೇ ಕಣ್ಗಾಜು ಬಿರುಕುಬಿಟ್ಟಿದ್ದಿತು. ಆಗಸ್ಟಿನ ನಡುವೆ ಅವನ ಜನರು ತಂದ ಮರಿಗಳಿಂದ ಚುಕ್ಕೆರೆಕ್ಕೆಯ ಸೊಳ್ಳೆಗಳು ಹೊರಬಂದುವು. 16ನೆಯ ತಾರೀಖು ಅವುಗಳನ್ನು ಹುಸೇನ್ ಖಾನ್ ಎಂಬ ರೋಗಿಯ ಮೇಲೆ ಬಿಟ್ಟು ರಕ್ತ ಕುಡಿಸಿದನು. ಕಚ್ಚಿದ ಒಂದೊಂದು ಸೊಳ್ಳೆಗೂ ಒಂದೊಂದು ಆಣೆಯಂತೆ ಹುಸೇನ್ ಖಾನನಿಗೆ ಸಂದಿತು.

ಆಗಸ್ಟ್ 20ರಂದು ಉಳಿದಿದ್ದ ಕೆಲವೇ ಸೊಳ್ಳೆಗಳಲ್ಲಿ ಒಂದನ್ನು ಸೀಳಿ, ದಣಿದ ಕಣ್ಣುಗಳಿಂದ ಅದರ ಜಠರದ ಗೋಡೆಯನ್ನು ಅಂಗುಲ ಅಂಗುಲವಾಗಿ ಎಂಬಂತೆ ಶೋಧಿಸುತ್ತಿದ್ದಾಗ, ಸುಮಾರು ಹನ್ನೆರಡು ಮೈಕ್ರಾನ್ ಅಗಲದ ದುಂಡನೆಯ ಕೋಶವೊಂದು ಕಂಡಿತು. ಸೊಳ್ಳೆಯ ಜಠರದ ಕೋಶಗಳಂತೆ ಅದು ಇರಲಿಲ್ಲ. ಅದರೊಳಗೆ ಕರಿಯ ಕಣಗಳ ಗೊಂಚಲಿದ್ದಿತು. ಮೂರು ವರ್ಷಗಳ ಹಿಂದೆ ಮ್ಯಾನ್ಸನನು ಮನುಷ್ಯನ ರಕ್ತದಲ್ಲಿ ತೋರಿಸಿದ್ದ ಕರಿಯ ಕಣಗಳೇ ಅವು. ಕಳ್ಳನು ದಾಟಿಹೋದ ಮನೆಯಲ್ಲಿ ಹೆಜ್ಜೆಗುರುತು ದೊರೆತಂತಾಯಿತು. ಮಾರನೆಯ ದಿನ ಉಳಿದ ಸೊಳ್ಳೆಯನ್ನು ಸೀಳಿದಾಗ ಅಂತಹವೇ ಕೋಶಗಳು ಇನ್ನಷ್ಟು ದೊಡ್ಡವಾಗಿ ಬೆಳೆದಿದ್ದುವು. ಬೆಳೆಯುತ್ತಿವೆಯೆಂದ ಮೇಲೆ ಅವು ಜೀವವುಳ್ಳವೆಂಬುದರಲ್ಲಿ ಸಂದೇಹವಿರಲಿಲ್ಲ. ರಾಸನೊಳಗಿನ ಕವಿಯು ಆಗ ಸುಮ್ಮನಿರಲಿಲ್ಲ. ಈ ದರ್ಶನವನ್ನು ಕುರಿತು ಪದ್ಯವೊಂದನ್ನು ಬರೆದು ಹೆಂಡತಿಗೆ ಕಳುಹಿಸಿದನು. ಅದೇ ವರ್ಷದ ಡಿಸೆಂಬರಿನಲ್ಲಿ ಈ ಶೋಧದ ಸುದ್ದಿ ಬ್ರಿಟಿಷ್ ಮೆಡಿಕಲ್ ಜರ್ನಲ್ ಪತ್ರಿಕೆಯಲ್ಲಿ ಅಚ್ಚಾಯಿತು. ಆಗಸ್ಟ್ 20ನೆಯ ದಿನವನ್ನು ವಿಶ್ವ ಸೊಳ್ಳೆ ದಿನವೆಂದು ಇಂದು ಆಚರಿಸುವುದು ಈ ಕಾರಣದಿಂದ.

ದಾರಿ ಅರ್ಧ ಸವೆದಿದ್ದಿತು, ಅಷ್ಟೆ. ಸೊಳ್ಳೆಯ ಜಠರದಿಂದ ಜೀವಿಯು ಮನುಷ್ಯನಿಗೆ ಮರಳುವುದು ಹೇಗೆಂಬುದು ತಿಳಿಯಬೇಕಾಗಿದ್ದಿತು. ಆ ಸಮಯಕ್ಕೆ ಸರಿಯಾಗಿ ಸರ್ಕಾರವು ರಾಸನನ್ನು ರಾಜಪುತಾನದ ಖೇರವಾಡಕ್ಕೆ ವರ್ಗಮಾಡಿತು. ಅಲ್ಲಿ ಮಲೇರಿಯ ರೋಗಿಗಳೇ ಅಪರೂಪ. ಮ್ಯಾನ್ಸನನು ಲಂಡನ್ನಿನಿಂದ ಪ್ರಯತ್ನಪಟ್ಟುದರಿಂದ 1898ರ ಫೆಬ್ರವರಿಯಲ್ಲಿ ಕಲ್ಕತ್ತೆಯ ಪ್ರಯೋಗಾಲಯವು ಆತನಿಗೆ ದೊರೆಯಿತು. ಅಲ್ಲಿ ಪ್ಲೇಗಿನ ಭೀತಿಯ ಕಾಲ. ಬೆರಳು ಚುಚ್ಚುತ್ತಾರೆಂದರೆ ಜನ ಓಡಿಹೋಗುತ್ತಿದ್ದರು. ಆದಕಾರಣ ರಾಸನು ಹಕ್ಕಿಗಳಿಗೆ ಬರುವ ಮಲೇರಿಯವನ್ನು ಆರಿಸಿಕೊಂಡನು. ಸಹಾಯಕನಾದ ಮಹಮದ್ ಬಕ್ಷನೊಡನೆ ಹಗಲಿರುಳು ದುಡಿದು, ಜಠರದ ಕೋಶಗಳು ಒಡೆದು ನೂಲಿನಂತಹ ಅಸಂಖ್ಯ ಜೀವಿಗಳಾಗಿ ಹೊರಬರುವುದನ್ನೂ, ಅವು ಸೊಳ್ಳೆಯ ಜೊಲ್ಲುಗ್ರಂಥಿಯಲ್ಲಿ ಹೋಗಿ ನೆಲೆಸುವುದನ್ನೂ 1898ರ ಜುಲೈ ತಿಂಗಳಲ್ಲಿ ಕಂಡನು. ಅಂತಹ ಸೊಳ್ಳೆಗಳು ಕಚ್ಚಿದ ಗುಬ್ಬಚ್ಚಿಗಳ ರಕ್ತದಲ್ಲಿ ಪರೋಪಜೀವಿಯು ಕಾಣಿಸಿಕೊಂಡಿತು. ಗಾಳಿಯೂ ಅಲ್ಲ, ಕುಡಿಯುವ ನೀರೂ ಅಲ್ಲ. ಸೊಳ್ಳೆಯ ಕಡಿತವೇ ದಾರಿ ಎಂಬುದು ಸಿದ್ಧವಾಯಿತು.

ಮನುಷ್ಯರ ಮಲೇರಿಯದಲ್ಲಿ ಇದೇ ಕ್ರಮವನ್ನು ಅನಾಫಿಲಿಸ್ ಸೊಳ್ಳೆಯ ಮೂಲಕ ಪೂರ್ಣವಾಗಿ ತೋರಿಸಿದವರು ಇಟಲಿಯ ಗ್ರಾಸ್ಸಿ ಮತ್ತು ಅವನ ಸಂಗಡಿಗರು. ಕೀರ್ತಿ ಯಾರದೆಂಬ ಬಗ್ಗೆ ಗ್ರಾಸ್ಸಿಗೂ ರಾಸನಿಗೂ ನಡೆದ ಕಲಹವು ವಿಜ್ಞಾನದ ಚರಿತ್ರೆಯಲ್ಲಿ ಕಹಿಯಾದ ಪುಟ. 1902ರಲ್ಲಿ ರಾಸನೊಬ್ಬನಿಗೇ ವೈದ್ಯಶಾಸ್ತ್ರದ ನೊಬೆಲ್ ಪಾರಿತೋಷಕ ಬಂದಿತು. ಆ ಗೌರವವನ್ನು ಪಡೆದ ಬ್ರಿಟಿಷರಲ್ಲಿ ಆತನೇ ಮೊದಲಿಗ. ಆ ಮೇಲೆಯೂ ಅವನ ಮುನಿಸು ತಣಿಯಲಿಲ್ಲ. ತನ್ನ ಕಣ್ಣನ್ನು ತೆರೆಸಿದ ಮ್ಯಾನ್ಸನನೊಡನೆಯೂ ವಿರಸ ಬೆಳೆಯಿತು. ರಾಸನ ಪ್ರತಿಭೆಯನ್ನು ಮೆಚ್ಚುವವರು ಅವನ ಸ್ವಭಾವದ ಈ ಕೊರತೆಯನ್ನೂ ಮರೆಮಾಚಬೇಕಾಗಿಲ್ಲ. ಒಂದೊಂದು ಆಣೆಗೆ ತಮ್ಮ ಮೈಯನ್ನು ಸೊಳ್ಳೆಗಳಿಗೆ ಒಡ್ಡಿದ ಬಡವರನ್ನೂ, ಕೊಳೆನೀರಿನಲ್ಲಿ ಕೈಯಿಟ್ಟು ಮರಿಗಳನ್ನು ಹಿಡಿದು ತಂದ ಆಳುಗಳನ್ನೂ, ಬೌರಿಂಗ್ ಆಸ್ಪತ್ರೆಯ ಆ ಧೀರನನ್ನೂ ನೆನೆದರೆ, ಕೀರ್ತಿಗಾಗಿ ಕಾದಾಡಿದವರಿಗಿಂತ ಅದನ್ನು ಕೇಳದೆ ಹೋದವರೇ ಹೆಚ್ಚು ಮಂದಿ ಎಂದು ತೋರದಿರದು.

1899ರಲ್ಲಿ ಸೇವೆಯಿಂದ ನಿವೃತ್ತನಾದ ರಾಸನು ಲಿವರ್‌ಪೂಲಿನಲ್ಲಿ ಉಷ್ಣವಲಯದ ವೈದ್ಯವನ್ನು ಬೋಧಿಸಿದನು. ಸಿಯೆರಾ ಲಿಯೋನ್, ಸುಯೆಜ್ ಕಾಲುವೆಯ ಇಸ್ಮಾಯಿಲಿಯ, ಮಾರಿಷಸ್ ಮುಂತಾದೆಡೆಗಳಿಗೆ ಹೋಗಿ ಸೊಳ್ಳೆಗಳ ನಿವಾರಣೆಗೆ ಮಾರ್ಗ ತೋರಿಸಿದನು. ಎಳೆತನದ ಗಣಿತಪ್ರೀತಿಯೂ ಈಗ ಫಲಕೊಟ್ಟಿತು. ಊರೊಂದರಲ್ಲಿ ಮಲೇರಿಯವನ್ನು ಅಳಿಸಲು ಪ್ರತಿಯೊಂದು ಸೊಳ್ಳೆಯನ್ನೂ ಕೊಲ್ಲಬೇಕಾಗಿಲ್ಲ. ಅವುಗಳ ಸಂಖ್ಯೆಯು ಒಂದು ಮಟ್ಟಕ್ಕಿಂತ ಕೆಳಗಿಳಿದರೆ ಸಾಕು, ರೋಗವು ತಾನಾಗಿಯೇ ಕ್ಷೀಣಿಸುತ್ತದೆಯೆಂದು ಆತನು ಲೆಕ್ಕಹಾಕಿ ತೋರಿಸಿದನು. ಸಾಂಕ್ರಾಮಿಕ ರೋಗಗಳ ಹರಡುವಿಕೆಯನ್ನು ಇಂದು ಗಣಿತದಿಂದ ಅಳೆಯುವವರೆಲ್ಲ ಆ ಲೆಕ್ಕಕ್ಕೆ ಋಣಿಗಳು. 1911ರಲ್ಲಿ ಸರ್ ಪದವಿ ಬಂದಿತು. 1926ರಲ್ಲಿ ಲಂಡನ್ನಿನಲ್ಲಿ ಅವನ ಹೆಸರಿನ ಸಂಸ್ಥೆ ಆರಂಭವಾಯಿತು. 1932ರ ಸೆಪ್ಟೆಂಬರ್ 16ರಂದು, ಎಪ್ಪತ್ತೈದನೆಯ ವಯಸ್ಸಿನಲ್ಲಿ, ರಾಸನು ತೀರಿಕೊಂಡನು.

ಅವನು ಕಾಣದೆ ಉಳಿದುದೂ ಉಂಟು. ಸೊಳ್ಳೆ ಕಚ್ಚಿದ ಮೇಲೆ ಪರೋಪಜೀವಿಯು ಮೊದಲು ಮನುಷ್ಯನ ಯಕೃತ್ತಿನಲ್ಲಿ ಅಡಗಿ ಬೆಳೆಯುತ್ತದೆಯೆಂಬುದನ್ನು ಷಾರ್ಟ್ ಮತ್ತು ಗಾರ್ನಮ್ ಎಂಬ ವಿಜ್ಞಾನಿಗಳು ತೋರಿಸಿದ್ದು 1948ರಲ್ಲಿ. ರಾಸನು ಸಾಯುವ ಹಿಂದಿನ ವರ್ಷ, 1931ರಲ್ಲಿ, ಬರ್ಲಿನ್ನಿನಲ್ಲಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ಮೊದಲ ಮಾದರಿ ಸಿದ್ಧವಾಯಿತು. ಬೆಳಕಿನಿಂದ ನೋಡುವ ಯಂತ್ರವು ಮೈಕ್ರಾನಿನ ಐದನೆಯ ಒಂದು ಭಾಗಕ್ಕಿಂತ ಕಿರಿದಾದುದನ್ನು ಬಿಡಿಸಿ ತೋರಿಸಲಾರದು. ಎಲೆಕ್ಟ್ರಾನುಗಳ ಯಂತ್ರಕ್ಕೆ ಆ ಮಿತಿಯಿಲ್ಲ. ಮಲೇರಿಯದ ಜೀವಿಯ ಒಡಲಿನ ಒಳರಚನೆ, ಅದು ರಕ್ತಕಣದ ಪೊರೆಯನ್ನು ಹಿಡಿದು ಒಳನುಗ್ಗುವ ರೀತಿ ಎಲ್ಲವನ್ನೂ ಇಂದು ಚಿತ್ರದಲ್ಲಿ ನೋಡಬಹುದು.

ಇಷ್ಟೆಲ್ಲ ಕಂಡ ಮೇಲೂ ರೋಗ ಅಳಿದಿದೆಯೆ? ಸ್ವಾತಂತ್ರ್ಯ ಬಂದಾಗ ನಮ್ಮ ದೇಶದಲ್ಲಿ ವರ್ಷಕ್ಕೆ ಸುಮಾರು ಏಳೂವರೆ ಕೋಟಿ ಜನ ಮಲೇರಿಯಕ್ಕೆ ತುತ್ತಾಗುತ್ತಿದ್ದರೆಂದೂ ಎಂಟು ಲಕ್ಷ ಜನ ಸಾಯುತ್ತಿದ್ದರೆಂದೂ ಅಂದಾಜು. 1953ರಲ್ಲಿ ರಾಷ್ಟ್ರೀಯ ಕಾರ್ಯಕ್ರಮವು ಆರಂಭವಾಗಿ ರೋಗವು ಬಹಳ ತಗ್ಗಿತು. ಗೆದ್ದೆವೆಂದು ಮೈಮರೆತಾಗ ಅದು ಮರುಕಳಿಸಿ, 1976ರಲ್ಲಿ ಅರುವತ್ತನಾಲ್ಕು ಲಕ್ಷಕ್ಕೂ ಹೆಚ್ಚು ಮಂದಿಯನ್ನು ಹಿಡಿಯಿತು. ನಮ್ಮ ಜಿಲ್ಲೆಯ ಮಂಗಳೂರಿನಲ್ಲಿಯೂ 1990ರ ದಶಕದಿಂದ, ಎತ್ತರದ ಕಟ್ಟಡಗಳು ಏಳತೊಡಗಿದಂತೆ, ಕಟ್ಟಡದ ಕೆಲಸಕ್ಕೆಂದು ನಿಲ್ಲಿಸಿದ ನೀರಿನಲ್ಲಿಯೂ ತೆರೆದ ತೊಟ್ಟಿಗಳಲ್ಲಿಯೂ ಸೊಳ್ಳೆಗಳು ಬೆಳೆದು ಮಲೇರಿಯ ಹಬ್ಬಿತು. ಈಚಿನ ವರ್ಷಗಳಲ್ಲಿ ಅದು ಬಹುವಾಗಿ ಇಳಿದಿದೆಯೆಂಬುದು ಸಮಾಧಾನದ ಸಂಗತಿ.

ನಮ್ಮ ತೋಟಗಳಲ್ಲಿ ಬಿದ್ದ ಅಡಕೆಯ ಹಾಳೆ, ರಬ್ಬರ್ ಮರಕ್ಕೆ ಕಟ್ಟಿದ ಚಿಪ್ಪು, ಅಂಗಳದ ಮೂಲೆಯ ಒಡೆದ ಮಡಕೆ, ಇವು ಒಂದೊಂದೂ ರಾಸನ ಕಿಟಕಿಯ ಹೊರಗಿದ್ದ ಪೀಪಾಯಿಯ ಮರಿಗಳೇ. ಅವುಗಳಲ್ಲಿ ಹುಟ್ಟುವ ನುಸಿಯು ಬೇರೆ ಜಾತಿಯದಾಗಿ ಡೆಂಗಿಯನ್ನೋ ಚಿಕುನ್‌ಗುನ್ಯವನ್ನೋ ತಂದೀತು. ನಿವಾರಣೆಯ ಉಪಾಯವಂತೂ ಒಂದೇ. ಮನುಷ್ಯಶರೀರದ ಒಳಗನ್ನು ಕಾಣಲು ಬಲವಾದ ಯಂತ್ರಗಳು ಬೇಕು, ಅವನ್ನು ಬಳಸಲು ಪಳಗಿದ ಕಣ್ಣುಗಳೂ ಬೇಕು. ರಾಸನು ತುಕ್ಕುಹಿಡಿದ ಯಂತ್ರದ ಮುಂದೆ ವರ್ಷಗಟ್ಟಲೆ ಕುಳಿತು ಕಂಡದ್ದರ ಕೊನೆಯ ಫಲವಾದರೋ, ಯಾವ ಯಂತ್ರವೂ ಇಲ್ಲದೆ ಯಾರು ಬೇಕಾದರೂ ಮಾಡಬಹುದಾದ ಒಂದು ಸಣ್ಣ ಕೆಲಸ: ನಿಂತ ನೀರನ್ನು ಚೆಲ್ಲುವುದು. ಬೆಂಗಳೂರಿನಲ್ಲಿ ಆ ಮಾತನ್ನು ಹೇಳಿದಾಗ ಅವನಿಗೆ ದೊರೆತದ್ದು ನಗೆ. ನಮ್ಮಲ್ಲಿ ಇನ್ನೇನು ದೊರೆಯುವುದೋ ನಾವು ಯೋಚಿಸಬೇಕು.